ಥೆಸಲೋನಿಕಿ: ನಾಲ್ಕು ಕಿಲೋಮೀಟರ್, ಇಪ್ಪತ್ಮೂರು ಶತಮಾನ

ಗ್ರೀಸ್ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರೋದು ಅಥೆನ್ಸಿನ ಗುಡ್ಡದ ಮೇಲಿನ ಪಾರ್ಥೆನಾನ್, ಇಲ್ಲವೇ ಇನ್‌ಸ್ಟಾಗ್ರಾಮಿನಲ್ಲಿ ದಿನಕ್ಕೆ ಹತ್ತು ಸಲ ಕಾಣುವ ಸ್ಯಾಂಟೊರಿನಿಯ ಬಿಳಿ ಮನೆಗಳು. ಆ ದೇಶದ ಎರಡನೇ ದೊಡ್ಡ ನಗರ ಥೆಸಲೋನಿಕಿ ನಮ್ಮ ಲಿಸ್ಟಿನಲ್ಲಿ ಇರೋದೇ ಇಲ್ಲ. ಆದರೆ ಎಂಜಿನಿಯರಿಂಗ್ ಓದುವವರು ಗ್ರೀಸಿನಲ್ಲಿ ಒಂದೇ ಊರು ಸುತ್ತಬೇಕು ಅಂದರೆ ನಮ್ಮ ಓಟು ಇದಕ್ಕೇ. ಬೆಂಕಿ, ಭೂಕಂಪ, ಯುದ್ಧ, ಕೊನೆಗೆ ಮೆಟ್ರೋ ಕಾಮಗಾರಿ: ಒಂದೊಂದು ಬಂದಾಗಲೂ ಈ ಊರಿನವರು ಯಾವುದನ್ನು ಉಳಿಸೋದು, ಯಾವುದನ್ನು ಅಗೆದು ಹಾಕೋದು ಅಂತ ತೀರ್ಮಾನ ಮಾಡಲೇಬೇಕಾಯಿತು. ಆ ತೀರ್ಮಾನಗಳನ್ನೆಲ್ಲ ಸುಮಾರು ನಾಲ್ಕು ಕಿಲೋಮೀಟರ್ ನಡಿಗೆಯಲ್ಲಿ ನೋಡಿಬಿಡಬಹುದು. ಬನ್ನಿ, ಹೊರಡೋಣ.

ಹೊರಡೋ ಮುಂಚೆ ಒಂದೆರಡು ಮಾತು. ಏಜಿಯನ್ ಸಮುದ್ರದ ಉತ್ತರ ತುದಿಯಲ್ಲಿ ಥರ್ಮೈಕ್ ಅನ್ನೋ ಕೊಲ್ಲಿ ಇದೆ. ಅದರ ದಡದಲ್ಲಿ ಕ್ರಿ.ಪೂ. 315ರಲ್ಲಿ ಮ್ಯಾಸಿಡೋನಿಯಾದ ರಾಜ ಕಸಾಂಡರ್ ಈ ಊರು ಕಟ್ಟಿಸಿದ. ಅವನ ಹೆಂಡತಿ ಥೆಸಲೋನಿಕಿ, ಅಲೆಕ್ಸಾಂಡರನ ಮಲತಂಗಿ. ಊರಿಗೆ ಅವಳದೇ ಹೆಸರು. ಆಮೇಲೆ ರೋಮನ್ನರು, ಬೈಜಾಂಟೈನರು, 1430ರಿಂದ ಆಟೋಮನ್ ತುರ್ಕರು ಆಳಿದರು. 1912ರಲ್ಲಿ ಗ್ರೀಸಿಗೆ ಸೇರಿತು.

ಬಿಳಿ ಗೋಪುರ

ನಡಿಗೆ ಶುರುವಾಗೋದು ಸಮುದ್ರದ ಅಂಚಿನಲ್ಲಿರುವ ಬಿಳಿ ಗೋಪುರದಿಂದ. ಸುಮಾರು 34 ಮೀಟರ್ ಎತ್ತರದ ದುಂಡನೆಯ ಕಲ್ಲಿನ ಗೋಪುರ. ಹೆಸರು ಬಿಳಿ, ಬಣ್ಣ ಮಾತ್ರ ಈಗ ಮಣ್ಣಿನ ಬಣ್ಣಕ್ಕೆ ಹತ್ತಿರ. ಆಟೋಮನ್ನರ ಕಾಲದಲ್ಲಿ ಇದು ಕೋಟೆಯ ಭಾಗವಾಗಿತ್ತು, ಸೆರೆಮನೆಯೂ ಆಗಿತ್ತು. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಸುಣ್ಣ ಬಳಿದ ಮೇಲೆ 'ಬಿಳಿ' ಅನ್ನೋದು ಅಂಟಿಕೊಂಡಿತು. ಸುಣ್ಣ ಹೋಯಿತು, ಹೆಸರು ಉಳಿಯಿತು. ಒಳಗೆ ಗೋಡೆಗುಂಟ ಸುತ್ತಿಕೊಂಡು ಮೇಲೇರುವ ಮೆಟ್ಟಿಲು, ಪ್ರತಿ ಅಂತಸ್ತಿನಲ್ಲೂ ಊರಿನ ಇತಿಹಾಸದ ಮ್ಯೂಸಿಯಂ. ಮೇಲಕ್ಕೆ ಹೋದರೆ ಇಡೀ ಕೊಲ್ಲಿ ಕಾಣುತ್ತದೆ. ಆಕಾಶ ತಿಳಿಯಾಗಿದ್ದ ದಿನ ಆಚೆ ದಡದ ಮೇಲೆ ಒಲಿಂಪಸ್ ಪರ್ವತವೂ ಕಾಣುತ್ತದೆ.

ಒಂದು ಕಾಲದಲ್ಲಿ ಈ ಗೋಪುರದಿಂದ ಸಮುದ್ರಕ್ಕೆ ಮುಖ ಮಾಡಿ ಉದ್ದಕ್ಕೂ ಕೋಟೆಗೋಡೆ ಇತ್ತು. ಹತ್ತೊಂಬತ್ತನೇ ಶತಮಾನದಲ್ಲಿ ಅದನ್ನು ಕೆಡವಿ ದಂಡೆ ರಸ್ತೆ ಮಾಡಿದರು. ಇವತ್ತು ನಾವು ಆರಾಮವಾಗಿ ಗಾಳಿ ಕುಡಿಯುತ್ತಾ ನಡೆಯೋದು ಆ ಗೋಡೆ ಹೋದ ಜಾಗದಲ್ಲೇ.

ಬೆಂಕಿ ಬರೆಸಿದ ನಕ್ಷೆ

ಸಮುದ್ರವನ್ನು ಎಡಕ್ಕೆ ಇಟ್ಟುಕೊಂಡು ಸುಮಾರು ಒಂದು ಕಿಲೋಮೀಟರ್ ನಡೆದರೆ ಬಲಕ್ಕೆ ಅರಿಸ್ಟಾಟಲ್ ಚೌಕ ತೆರೆದುಕೊಳ್ಳುತ್ತದೆ. ಎರಡೂ ಬದಿ ಕಮಾನಿನ ಕಟ್ಟಡಗಳು, ಕಾಫಿ ಅಂಗಡಿಗಳು, ನಡುವೆ ಬೆಟ್ಟದ ಕಡೆಗೆ ನೇರವಾಗಿ ಏರುವ ಅಗಲ ರಸ್ತೆ. ಇಲ್ಲಿ ಒಂದು ಫ್ರಾಪೆ ಕುಡಿಯದೆ ಮುಂದೆ ಹೋಗಬಾರದು. ಇನ್‌ಸ್ಟಂಟ್ ಕಾಫಿ ಪುಡಿಯನ್ನು ತಣ್ಣೀರಲ್ಲಿ ನೊರೆ ಬರುವ ಹಾಗೆ ಅಲುಗಾಡಿಸಿ ಮಾಡುವ ಈ ಕಾಫಿ ಹುಟ್ಟಿದ್ದೇ ಈ ಊರಲ್ಲಿ, 1957ರ ಅಂತಾರಾಷ್ಟ್ರೀಯ ಮೇಳದಲ್ಲಿ ಅಂತಾರೆ. ಜೊತೆಗೆ ಎಳ್ಳು ಮೆತ್ತಿದ ಬಳೆಯಾಕಾರದ ಬ್ರೆಡ್ಡು, ಕುಲೂರಿ. ಬಜೆಟ್ ಪ್ರಯಾಣಿಕರ ಅನ್ನದಾತ.

ಈ ಚೌಕ ಹಳೇದು ಅನ್ನಿಸುತ್ತೆ, ಆದರೆ ಅಲ್ಲ. 1917ರ ಆಗಸ್ಟಿನಲ್ಲಿ ನಿರಾಶ್ರಿತರ ಒಂದು ಮನೆಯ ಅಡುಗೆಒಲೆಯಿಂದ ಹಾರಿದ ಕಿಡಿ, ಜೋರು ಗಾಳಿ, ಇಕ್ಕಟ್ಟಿನ ಓಣಿಗಳು, ಮರದ ಮನೆಗಳು, ನೀರಿನ ಕೊರತೆ ಎಲ್ಲ ಸೇರಿ ಊರಿನ ನಡುಭಾಗ ಸುಟ್ಟು ಹೋಯಿತು. ಸುಮಾರು 9,500 ಮನೆ ಬೂದಿ, 70,000ಕ್ಕೂ ಹೆಚ್ಚು ಜನ ಬೀದಿಪಾಲು. ಅವರಲ್ಲಿ ಬಹುಪಾಲು ಯಹೂದಿಗಳು. 1492ರಲ್ಲಿ ಸ್ಪೇನಿನಿಂದ ಹೊರಹಾಕಿಸಿಕೊಂಡು ಇಲ್ಲಿಗೆ ಬಂದು ನೆಲೆಸಿದವರ ಮಕ್ಕಳು ಮೊಮ್ಮಕ್ಕಳು. ಈ ಮಾತು ನೆನಪಿಟ್ಟುಕೊಳ್ಳಿ, ನಡಿಗೆಯ ಕೊನೆಯಲ್ಲಿ ಬೇಕಾಗುತ್ತದೆ.

ಸರ್ಕಾರ ಸುಟ್ಟ ಓಣಿಗಳನ್ನು ಇದ್ದ ಹಾಗೇ ಮತ್ತೆ ಕಟ್ಟಲು ಬಿಡಲಿಲ್ಲ. ಫ್ರೆಂಚ್ ವಾಸ್ತುಶಿಲ್ಪಿ ಅರ್ನೆಸ್ಟ್ ಎಬ್ರಾರ್ ಮುಂದಾಳತ್ವದಲ್ಲಿ ಹೊಸ ನಕ್ಷೆ ಬರೆಸಿತು: ಅಗಲ ರಸ್ತೆ, ನೇರ ಗೆರೆ, ಸಮುದ್ರಕ್ಕೆ ತೆರೆದ ಚೌಕ. ಗಾಳಿ ಬೆಳಕು ಬಂತು, ಬೆಂಕಿಗೆ ತಡೆಯೂ ಆಯಿತು. ಆದರೆ ಆ ಓಣಿಗಳಲ್ಲಿದ್ದ ಬಡವರಲ್ಲಿ ಬಹಳ ಮಂದಿ ತಮ್ಮ ಹಳೇ ಜಾಗಕ್ಕೆ ವಾಪಸ್ ಬರೋಕೆ ಆಗಲಿಲ್ಲ. ನಗರ ಯೋಜನೆಯ ಪುಸ್ತಕದಲ್ಲಿ ಇವೆರಡೂ ಒಂದೇ ಪುಟದಲ್ಲಿ ಇರಬೇಕು.

ಮೆಟ್ರೋ ಸ್ಟೇಷನ್ನಿನೊಳಗೊಂದು ರಸ್ತೆ

ಚೌಕದಿಂದ ಮೇಲಕ್ಕೆ ನಡೆದರೆ ಎಗ್ನಾಟಿಯಾ ಅನ್ನೋ ಹೆದ್ದಾರಿಯಂಥ ರಸ್ತೆ ಸಿಗುತ್ತದೆ. ಎಡಕ್ಕೆ ತಿರುಗಿ ಐದು ನಿಮಿಷ ನಡೆದರೆ ವೆನಿಜೆಲು ಮೆಟ್ರೋ ಸ್ಟೇಷನ್. ಸಿವಿಲ್‌ನವರು ಇಲ್ಲಿ ಸ್ವಲ್ಪ ಹೊತ್ತು ನಿಲ್ಲಲೇಬೇಕು.

ಥೆಸಲೋನಿಕಿ ಮೆಟ್ರೋ ಕಾಮಗಾರಿ ಶುರುವಾಗಿದ್ದು 2006ರಲ್ಲಿ, ರೈಲು ಓಡಿದ್ದು 2024ರ ನವೆಂಬರ್ 30ರಂದು. ಉದ್ದ 9.6 ಕಿಲೋಮೀಟರ್, 13 ಸ್ಟೇಷನ್, ಚಾಲಕನಿಲ್ಲದ ರೈಲು. ಇಷ್ಟಕ್ಕೆ ಹದಿನೆಂಟು ವರ್ಷ ಯಾಕೆ ಬೇಕಾಯಿತು? ಹಣದ ತಾಪತ್ರಯ ಒಂದು ಕಾರಣ. ಇನ್ನೊಂದು ನೆಲದಡಿ ಇತ್ತು. ಸುರಂಗವನ್ನು ಯಂತ್ರ ಆಳದಲ್ಲಿ, ಹಳೇ ಊರಿನ ಪದರಗಳ ಕೆಳಗೇ ಕೊರೆದುಕೊಂಡು ಹೋಗಬಹುದು. ಸ್ಟೇಷನ್ ಹಾಗಲ್ಲ. ಮೆಟ್ಟಿಲು, ಲಿಫ್ಟು, ಗಾಳಿಕೊಳವೆ ಎಲ್ಲ ಮೇಲಿನಿಂದ ಕೆಳಗಿಳಿಯಬೇಕು, ಅಂದರೆ ಎಲ್ಲ ಪದರಗಳನ್ನೂ ಸೀಳಿಕೊಂಡೇ ಹೋಗಬೇಕು. ವೆನಿಜೆಲುವಿನಲ್ಲಿ ಹೀಗೆ ಅಗೆದಾಗ ಬೈಜಾಂಟೈನ್ ಕಾಲದ ಅಮೃತಶಿಲೆ ಹಾಸಿದ ಮುಖ್ಯ ರಸ್ತೆ, ಅಡ್ಡರಸ್ತೆಯ ಕೂಡು, ಪಕ್ಕದ ಅಂಗಡಿಗಳ ಗೋಡೆಗಳು ಸಿಕ್ಕಿದವು. ಇಡೀ ಯೋಜನೆಯಲ್ಲಿ ಸಿಕ್ಕ ಪ್ರಾಚೀನ ವಸ್ತುಗಳು ಮೂರು ಲಕ್ಷಕ್ಕೂ ಹೆಚ್ಚು.

ಮೊದಲು, ಎಲ್ಲವನ್ನೂ ಕಿತ್ತು ಬೇರೆ ಕಡೆ ಇಡೋಣ ಅಂದರು. ಊರಿನವರು ಬಿಡಲಿಲ್ಲ. ಆಮೇಲೆ ಇದ್ದಲ್ಲೇ ಉಳಿಸಿ ಸ್ಟೇಷನ್ ಕಟ್ಟೋಣ ಅಂದರು. ಸರ್ಕಾರ ಬದಲಾದಾಗ, ತಾತ್ಕಾಲಿಕವಾಗಿ ಬಿಡಿಸಿ ತೆಗೆದು, ಕಟ್ಟಿ ಮುಗಿದ ಮೇಲೆ ಅದೇ ಜಾಗಕ್ಕೆ ತಂದು ಜೋಡಿಸೋಣ ಅಂತಾಯಿತು. ವಿಷಯ ಕೋರ್ಟಿನ ಮೆಟ್ಟಿಲನ್ನೂ ಹತ್ತಿತು. ಕೊನೆಗೆ ನಡೆದದ್ದು ಈ ಮೂರನೆಯದೇ. ಜೋಡಿಸಿದ್ದು ಮೂಲದಷ್ಟೇ ಸಾಚಾನಾ ಅನ್ನೋ ಜಗಳ ಪುರಾತತ್ವ ತಜ್ಞರ ನಡುವೆ ಉಳಿದುಕೊಂಡಿದೆ. ಇವತ್ತು ರೈಲು ಹಿಡಿಯೋಕೆ ಇಳಿಯುವವರ ಕಣ್ಣಿಗೆ ಆ ರಸ್ತೆ ಬೀಳುತ್ತದೆ.

ಇದಕ್ಕಿಂತ ಹಳೇ ಉದಾಹರಣೆ ಹತ್ತು ನಿಮಿಷದ ದೂರದಲ್ಲೇ ಇದೆ. ಎಗ್ನಾಟಿಯಾ ದಾಟಿ ಮೇಲೆ ಹೋದರೆ ರೋಮನ್ ಫೋರಂ: ಅಂಗಳ, ಕಂಬಗಳು, ಪುಟ್ಟ ರಂಗಮಂದಿರ. 1960ರ ದಶಕದಲ್ಲಿ ಇಲ್ಲಿ ಕೋರ್ಟ್ ಕಟ್ಟಡಕ್ಕೆ ಪಾಯ ತೋಡುವಾಗ ಇದು ಸಿಕ್ಕಿತು. ಕಟ್ಟಡವನ್ನೇ ಕೈಬಿಟ್ಟು ಬೇರೆ ಕಡೆ ಕಟ್ಟಿದರು. ಪಕ್ಕದ ಚೌಕವನ್ನು ಜನ ಮಾತ್ರ ಕೋರ್ಟ್ ಚೌಕ ಅಂತಲೇ ಕರೆಯುತ್ತಾ ಬಂದರು!

ಆರು ಮೀಟರ್ ದಪ್ಪದ ಗೋಡೆ

ಫೋರಂನ ಮೇಲ್ಬದಿಗೆ ಸಂತ ಡಿಮಿಟ್ರಿಯಸ್ ಚರ್ಚು. 1917ರ ಬೆಂಕಿಯಲ್ಲಿ ಸುಟ್ಟು, ಉಳಿದ ಭಾಗಗಳನ್ನು ಸೇರಿಸಿಕೊಂಡು ಮತ್ತೆ ಕಟ್ಟಿದ್ದು. ಬಾಗಿಲು ತೆರೆದದ್ದು 1949ರಲ್ಲಿ. ನೆಲಮಾಳಿಗೆಗೆ ಇಳಿದರೆ ರೋಮನ್ ಸ್ನಾನಗೃಹದ ಅವಶೇಷ. ಅಲ್ಲಿಂದ ಬಲಕ್ಕೆ, ಪೂರ್ವದ ಕಡೆಗೆ, ಹದಿನೈದು ನಿಮಿಷ ನಡೆದರೆ ರೊಟುಂಡಾ ಸಿಗುತ್ತದೆ.

ಕ್ರಿ.ಶ. ನಾಲ್ಕನೇ ಶತಮಾನದ ಆರಂಭದಲ್ಲಿ ರೋಮನ್ ಚಕ್ರವರ್ತಿ ಗಲೇರಿಯಸ್ ಕಟ್ಟಿಸಿದ ದುಂಡು ಕಟ್ಟಡ ಇದು. ಒಳ ವ್ಯಾಸ 24.5 ಮೀಟರ್, ನಡುವೆ ಒಂದೂ ಕಂಬವಿಲ್ಲ, ಮೇಲೆ ಇಟ್ಟಿಗೆಯ ಗುಮ್ಮಟ. ಗುಮ್ಮಟ ತನ್ನ ಭಾರದಿಂದಲೇ ಬುಡದಲ್ಲಿ ಹೊರಕ್ಕೆ ತಳ್ಳುತ್ತದೆ ಅಂತ ಸ್ಟ್ರಕ್ಚರ್ಸ್ ಕ್ಲಾಸಿನಲ್ಲಿ ಕೇಳಿದ್ದೀವಲ್ಲ, ಆ ತಳ್ಳುವಿಕೆಯನ್ನು ಹಿಡಿದು ನಿಲ್ಲಿಸಿರೋದು ಆರು ಮೀಟರಿಗೂ ದಪ್ಪದ ಗೋಡೆ. ಸ್ಟೀಲಿಲ್ಲದ ಕಾಲದ ಉತ್ತರ ಅದು: ತೂಕಕ್ಕೆ ತೂಕ. ಕಟ್ಟಡ ಮುಂದೆ ಚರ್ಚಾಯಿತು, 1590ರ ಸುಮಾರಿಗೆ ಮಸೀದಿಯಾಯಿತು, ಈಗ ಸ್ಮಾರಕ. ಪಕ್ಕದ ಮಿನಾರು ಹಾಗೇ ನಿಂತಿದೆ. ಒಳಗೆ ಕತ್ತೆತ್ತಿದರೆ ಬಂಗಾರದ ಹಿನ್ನೆಲೆಯ ಮೊಸಾಯಿಕ್.

1978ರ ಜೂನ್ 20ರ ರಾತ್ರಿ 6.5ರ ಭೂಕಂಪ ಈ ಊರನ್ನು ಅಲ್ಲಾಡಿಸಿತು. ಒಂದು ಬಹುಮಹಡಿ ಅಪಾರ್ಟ್‌ಮೆಂಟ್ ಕುಸಿಯಿತು. ನಲವತ್ತಕ್ಕೂ ಹೆಚ್ಚು ಜನ ಸತ್ತರು. ರೊಟುಂಡಾ ಬಿರುಕು ಬಿಟ್ಟಿತು, ಆದರೆ ಬೀಳಲಿಲ್ಲ. ರಿಪೇರಿ ದಶಕಗಳ ಕಾಲ ಎಳೆಯಿತು. ಒಳಗಿನ ಕೊನೆಯ ಅಟ್ಟಣಿಗೆ ತೆಗೆದು ಪೂರ್ತಿ ತೆರೆದದ್ದು 2015ರ ಡಿಸೆಂಬರಿನಲ್ಲಿ. ಭೂಕಂಪದ ಮರುವರ್ಷ, 1979ರಲ್ಲಿ, ಇದೇ ಊರಲ್ಲಿ ಭೂಕಂಪ ಎಂಜಿನಿಯರಿಂಗಿಗೇ ಒಂದು ಸಂಶೋಧನಾ ಸಂಸ್ಥೆ ಶುರುವಾಯಿತು.

ಕೆಳಗೆ ಎರಡು ಹೆಜ್ಜೆ ಹಾಕಿದರೆ ಗಲೇರಿಯಸನ ಕಮಾನು. ಪರ್ಷಿಯನ್ನರ ಮೇಲಿನ ಗೆಲುವಿನ ಕಥೆಯನ್ನು ಅಮೃತಶಿಲೆಯಲ್ಲಿ ಕೆತ್ತಿದ್ದಾರೆ. ಊರ ಹುಡುಗರಿಗೆ ಇದು ಬರೀ 'ಕಮಾರಾ', ಅಂದರೆ ಕಮಾನು. ಸಂಜೆ ಸಿಗೋಣ ಅಂದರೆ ಇದರ ಕೆಳಗೆ ಸಿಗೋದು.

ಕ್ಯಾಂಪಸ್ಸಿನ ಕೆಳಗೆ

ಇಲ್ಲಿಂದ ಪೂರ್ವಕ್ಕೆ ಹತ್ತು ನಿಮಿಷದಲ್ಲಿ ಅರಿಸ್ಟಾಟಲ್ ವಿಶ್ವವಿದ್ಯಾಲಯ. 1925ರಲ್ಲಿ ಸ್ಥಾಪನೆಯಾದದ್ದು, ಗ್ರೀಸಿನ ಅತಿ ದೊಡ್ಡ ವಿಶ್ವವಿದ್ಯಾಲಯ. ಇಲ್ಲೂ ಎಂಜಿನಿಯರಿಂಗ್ ಬ್ಲಾಕು, ಕ್ಯಾಂಟೀನು, ಗೋಡೆ ತುಂಬ ಪೋಸ್ಟರು, ಪರೀಕ್ಷೆ ಹತ್ತಿರ ಬಂದವರ ಮುಖ, ಎಲ್ಲ ಇದೆ. ಟೂರಿಸ್ಟ್ ನಕ್ಷೆಗಳು ಇಲ್ಲಿಗೆ ಬರುವ ಮುಂಚೆಯೇ ಮುಗಿಯುತ್ತವೆ. ನಾವು ಮಾತ್ರ ಇಲ್ಲಿಗೆ ಬರಲೇಬೇಕು.

ಈ ಜಾಗದಲ್ಲಿ ಊರಿನ ಯಹೂದಿಗಳ ಸ್ಮಶಾನ ಇತ್ತು. ನೂರಾರು ವರ್ಷ ಹಳೇದು, ಮೂರು ಲಕ್ಷಕ್ಕೂ ಹೆಚ್ಚು ಗೋರಿಗಳಿದ್ದವೆಂಬ ಅಂದಾಜಿದೆ. ಜರ್ಮನ್ ನಾಜಿಗಳ ವಶದಲ್ಲಿದ್ದಾಗ, 1942ರ ಡಿಸೆಂಬರಿನಲ್ಲಿ, ಅದನ್ನು ಕೆಡವಲು ಶುರುಮಾಡಿದರು. ಸ್ಥಳೀಯ ಆಡಳಿತವೂ ಅದರಲ್ಲಿ ಕೈಜೋಡಿಸಿತ್ತು. ಗೋರಿಕಲ್ಲುಗಳು ಊರಿನ ಗೋಡೆ, ಅಂಗಳ, ಕಾಲುದಾರಿಗಳಿಗೆ ಕಟ್ಟಡ ಸಾಮಗ್ರಿಯಾದವು. ಮರುವರ್ಷ, 1943ರ ಮಾರ್ಚಿನಿಂದ ಆಗಸ್ಟಿನ ನಡುವೆ, 45,000ಕ್ಕೂ ಹೆಚ್ಚು ಯಹೂದಿಗಳನ್ನು ರೈಲಿಗೆ ತುಂಬಿ ಒಯ್ದರು. ಹೆಚ್ಚುಕಡಿಮೆ ಎಲ್ಲರನ್ನೂ ಒಯ್ದದ್ದು ಔಶ್ವಿಟ್ಜ್‌ಗೆ. ವಾಪಸ್ ಬಂದವರು ತೀರಾ ಕಡಿಮೆ. ಯುದ್ಧ ಮುಗಿದ ಮೇಲೆ ಖಾಲಿ ಜಾಗದ ಮೇಲೆ ಕ್ಯಾಂಪಸ್ ಬೆಳೆಯಿತು. ಇಲ್ಲಿ ಏನಿತ್ತು ಅಂತ ಹೇಳುವ ಸ್ಮಾರಕ ಕ್ಯಾಂಪಸ್ಸಿನೊಳಗೆ ಬಂದದ್ದು 2014ರಲ್ಲಿ.

ವೆನಿಜೆಲುವಿನ ರಸ್ತೆಗಾಗಿ ಈ ಊರು ವರ್ಷಗಟ್ಟಲೆ ಜಗಳ ಆಡಿತು, ಫೋರಂಗಾಗಿ ಒಂದು ಕೋರ್ಟ್ ಕಟ್ಟಡವನ್ನೇ ಬಿಟ್ಟಿತು. ಈ ಗೋರಿಗಳಿಗೆ ಹಾಗೆ ಜಗಳ ಆಡುವಷ್ಟು ಜನ ಉಳಿದಿರಲಿಲ್ಲ. ನಾಳೆ ನಾವೂ ಸೈಟ್ ಪ್ಲಾನ್ ಬರೀತೀವಿ, ಮಣ್ಣಿನ ಪರೀಕ್ಷೆ ಮಾಡಿಸ್ತೀವಿ, ಬೇರಿಂಗ್ ಕೆಪಾಸಿಟಿ ಲೆಕ್ಕ ಹಾಕ್ತೀವಿ. ಇಲ್ಲಿ ಮೊದಲು ಯಾರಿದ್ದರು ಅನ್ನೋ ಪ್ರಶ್ನೆಗೆ ಆ ಫಾರಂಗಳಲ್ಲಿ ಕಾಲಂ ಇರೋದಿಲ್ಲ. ಅದನ್ನು ನಾವೇ ಕೇಳಿಕೊಳ್ಳಬೇಕು, ಅದೂ ಪಾಯ ತೋಡುವ ಮುಂಚೆ.

ಸ್ಮಾರಕದ ಹತ್ತಿರ ಎರಡು ನಿಮಿಷ ನಿಂತು ಹೊರಟರೆ, ವಿಶ್ವವಿದ್ಯಾಲಯದ ಪಕ್ಕದಲ್ಲೇ ಮೆಟ್ರೋ ಸ್ಟೇಷನ್. ವಾಪಸ್ ಹೋಗೋಕೆ ನಡೆಯಬೇಕಾಗಿಲ್ಲ.