ಆಟಿ ಅಮಾವಾಸ್ಯೆಯ ಪಾಲೆ ಕಷಾಯ

ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕ ತುಳುನಾಡಿಗೆ ಆಟಿ ತಿಂಗಳು. ಜಡಿಮಳೆ ಬಿಡುವುದಿಲ್ಲ; ನಾಟಿ ಮುಗಿದಿದ್ದರೂ ಹೊಸ ಭತ್ತ ಇನ್ನೂ ದೂರ. ಹಿಂದೆಲ್ಲ ತಜಂಕು ಸೊಪ್ಪು, ಕೆಸುವು, ಕಣಿಲೆ ಅಂದರೆ ಎಳೆ ಬಿದಿರು, ಹಲಸಿನ ಬೀಜಗಳಲ್ಲೇ ಈ ತಿಂಗಳನ್ನು ದಾಟಬೇಕಿತ್ತು. ಜ್ವರ, ಹೊಟ್ಟೆನೋವು ಕಾಡುತ್ತಿದ್ದುದೂ ಆಗಲೇ. ಆಟಿಯ ಅಮಾವಾಸ್ಯೆಯಂದು ಮನೆಮಂದಿಯೆಲ್ಲ ಖಾಲಿ ಹೊಟ್ಟೆಗೆ ಪಾಲೆ ಮರದ ಕೆತ್ತೆಯ, ಅಂದರೆ ತೊಗಟೆಯ, ಕಷಾಯ ಕುಡಿಯುವ ರೂಢಿ ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡಿನಲ್ಲಿ ಇಂದಿಗೂ ಉಳಿದಿದೆ.

ಕನ್ನಡದಲ್ಲಿ ಹಾಲೆ, ಮದ್ದಾಲೆ ಎಂದು ಕರೆಯುವ ಮರವೇ ಇದು. ಬೆಳಕು ಹರಿಯುವ ಮೊದಲೇ ಹೋಗಿ, ಕತ್ತಿ ತಾಗಿಸದೆ, ಕಲ್ಲಿನಿಂದ ಜಜ್ಜಿ ಕೆತ್ತೆ ತೆಗೆಯುತ್ತಾರೆ. ಕಬ್ಬಿಣ ಮುಟ್ಟಿದರೆ ಮದ್ದಿನ ಗುಣ ಹೋಗುತ್ತದೆಂಬುದು ನಂಬಿಕೆ. ನನಗೆ ಅದರಲ್ಲಿ ಮರದ ಮೇಲಿನ ಕಾಳಜಿಯೂ ಕಾಣುತ್ತದೆ: ಕಲ್ಲೇಟಿಗೆ ಬರುವುದು ಅಂದಿನ ಮಟ್ಟಿಗೆ ಸಾಕಾಗುವಷ್ಟು ಮಾತ್ರ.

ಮನೆಗೆ ತಂದ ಕೆತ್ತೆಯ ಹೊರಪದರ ಕೆರೆದು, ಓಮ, ಕಾಳುಮೆಣಸು, ಬೆಳ್ಳುಳ್ಳಿ ಸೇರಿಸಿ ಅರೆದು, ಬಟ್ಟೆಯಲ್ಲಿ ಹಿಂಡುತ್ತಾರೆ. ಕೆಂಡದಲ್ಲಿ ಕಾಯಿಸಿದ ಬಿಳಿ ಬೆಣಚುಕಲ್ಲನ್ನು ರಸಕ್ಕೆ ಹಾಕಿದರೆ ಚುಂಯ್ ಎಂದು ಹಬೆಯೇಳುತ್ತದೆ, ಒಗ್ಗರಣೆ ಅದೇ. ಕುಡಿಯುವುದು ಸ್ವಲ್ಪವೇ, ಆದರೂ ಕಹಿ ಬಹಳ ಹೊತ್ತು ನಾಲಿಗೆ ಬಿಡುವುದಿಲ್ಲ. ಕಷಾಯ ಉಷ್ಣವೆಂದು ಆಮೇಲೆ ಮೆಂತೆ ಗಂಜಿ ಉಣ್ಣುತ್ತಾರೆ.

19ನೇ ಶತಮಾನದಲ್ಲಿ ಈ ತೊಗಟೆಯನ್ನು ಮಲೇರಿಯಕ್ಕೆ ಕ್ವಿನೈನಿನ ಬದಲಿಗೆ ಬಳಸಿ ನೋಡಿದ್ದುಂಟು. ಕ್ವಿನೈನಿಗೆ ಅದು ಸಾಟಿಯಾಗಲಿಲ್ಲ. ಒಮ್ಮೆ ಕುಡಿದರೆ ವರ್ಷವಿಡೀ ಕಾಯಿಲೆ ಬಾರದೆಂಬ ಮಾತನ್ನು ನಂಬಿಕೆಯೆಂದೇ ಇಟ್ಟುಕೊಳ್ಳೋಣ.

ಕೆತ್ತೆ ತರುವ ಕೆಲಸದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಮರದ ಗುರುತು. ಹಾಲೆ ಬೆಳೆಯುವ ಗುಡ್ಡಗಳಲ್ಲೇ ಕಾಸರಕ ಎಂಬ ಮರವೂ ಬೆಳೆಯುತ್ತದೆ. ಅದರ ತೊಗಟೆಯಲ್ಲಿರುವುದು ಸ್ಟ್ರಿಕ್ನಿನ್, ಬ್ರೂಸಿನ್ ಎಂಬ ವಿಷಗಳು. ಅದೂ ಕಹಿಯೇ ಆದ್ದರಿಂದ ನಾಲಿಗೆಗೆ ಎಚ್ಚರಿಕೆ ಸಿಗುವುದಿಲ್ಲ. ಮರದ ಬುಡದಲ್ಲಿ ನಿಂತು ನೋಡಿದರೆ ವ್ಯತ್ಯಾಸ ಸ್ಪಷ್ಟ: ಹಾಲೆಯ ಎಲೆಗಳು ಗೆಣ್ಣಿನ ಸುತ್ತ ಒಂದೇ ಸುತ್ತಾಗಿ, ಸಾಮಾನ್ಯವಾಗಿ ಏಳೇಳರಂತೆ ಬರುತ್ತವೆ; ತೊಗಟೆ ಗೀರಿದರೆ ಬಿಳಿ ಹಾಲು ಒಸರುತ್ತದೆ. ಕಾಸರಕದ ಹೊಳೆಯುವ ಎಲೆಗಳು ಎದುರುಬದುರಾಗಿ ಎರಡೆರಡು, ಹಾಲು ಬರುವುದಿಲ್ಲ. ಕತ್ತಲಲ್ಲಿ ಮರ ತಪ್ಪಿ, ಕಷಾಯ ಕುಡಿದು ಆಸ್ಪತ್ರೆ ಸೇರಿದವರಿದ್ದಾರೆ. ಹಿರಿಯರು ಹಿಂದಿನ ದಿನವೇ ಹಗಲು ಹೊತ್ತಿನಲ್ಲಿ ಮರ ನೋಡಿ ಗುರುತು ಹಾಕಿ ಬರುತ್ತಿದ್ದರು.

ಈಗ ಪೇಟೆಗಳಲ್ಲಿ ಸಂಘಗಳು ಕಷಾಯ ಹಂಚುತ್ತವೆ. ಆಚರಣೆ ಹೀಗೆ ಉಳಿಯುವುದು ಸಂತೋಷವೇ. ಆದರೆ ಲೋಟ ಕೈಗೆ ಬಂದಾಗ ಕೆತ್ತೆ ತಂದವರು ಯಾರು, ಮರ ಬಲ್ಲವರೇ ಎಂದು ಸಂಕೋಚವಿಲ್ಲದೆ ಕೇಳಬೇಕು. ಮಕ್ಕಳಿಗೆ ಮರ ತೋರಿಸಲು ಆಟಿಯನ್ನೇ ಕಾಯಬೇಕಿಲ್ಲ. ಮಳೆಗಾಲ ಮುಗಿದ ಮೇಲೆ ಹಾಲೆ ಗೊಂಚಲು ಗೊಂಚಲಾಗಿ ಹೂಬಿಡುತ್ತದೆ; ಸಂಜೆಯ ಹೊತ್ತು ಅದರ ಗಾಢ ಪರಿಮಳ ದೂರಕ್ಕೂ ಬಡಿಯುತ್ತದೆ. ಪರಿಚಯ ಮಾಡಿಸಲು ಅದೇ ಒಳ್ಳೆಯ ಕಾಲ.