ಪಿಕಪ್ ಗಾಡಿಯಲ್ಲಿ ಮಲಗಲೊಂದು ಹಲಗೆ

ಮೈಸೂರಿನಿಂದ ಗೂಡಲೂರಿಗೆ ಬರುವವರಿಗೆಲ್ಲ ಗುಂಡ್ಲುಪೇಟೆಯಾಚೆ ಮೇಲುಕಾಮನಹಳ್ಳಿಯ ಚೆಕ್‌ಪೋಸ್ಟ್ ಗೊತ್ತು. ರಾತ್ರಿ 9 ಗಂಟೆಗೆ ಅಲ್ಲಿ ಗೇಟು ಹಾಕಿದರೆ ತೆರೆಯುವುದು ಬೆಳಿಗ್ಗೆ 6ಕ್ಕೆ. ಬಂಡೀಪುರದ ಪ್ರಾಣಿಗಳು ರಾತ್ರಿ ವಾಹನಗಳಿಗೆ ಸಿಕ್ಕಿ ಸಾಯಬಾರದೆಂದು 2009ರಲ್ಲಿ ಬಂದ ಈ ನಿರ್ಬಂಧ ಇಂದಿಗೂ ಇದೆ. ಆಂಬುಲೆನ್ಸ್‌ಗಳಿಗೂ ಕೆಲವೇ ಸಾರಿಗೆ ಬಸ್ಸುಗಳಿಗೂ ಮಾತ್ರ ವಿನಾಯಿತಿ. ಕಾಡಿನ ಮಗ್ಗುಲಲ್ಲೇ ಬದುಕುವ ನಾವು ಇದನ್ನು ದೂರುವಂತಿಲ್ಲ. ಆದರೆ ಗೇಟು ಹಾಕಿದ ಐದು ನಿಮಿಷಕ್ಕೆ ಅಲ್ಲಿಗೆ ತಲುಪಿದ ಚಾಲಕ ಆ ರಾತ್ರಿಯನ್ನು ಹೇಗೆ ಕಳೆಯುತ್ತಾನೆ ಎಂದು ಮನೆಯಲ್ಲಿ ಬೆಚ್ಚಗೆ ಮಲಗಿದ ನಾವು ಬಹಳ ದಿನ ಯೋಚಿಸಿರಲೇ ಇಲ್ಲ.

ನಮ್ಮ ಹಿರಿಯ ಮಗ ಊಟಿಯ ಕಡೆಯ ತರಕಾರಿಯನ್ನು ಪಿಕಪ್‌ನಲ್ಲಿ ಮೈಸೂರಿಗೆ ಸಾಗಿಸುತ್ತಾನೆ. ಮಾರುಕಟ್ಟೆಯಲ್ಲಿ ಲೆಕ್ಕ ಮುಗಿಯುವುದು ತಡವಾದರೆ ಗೇಟು ತಪ್ಪುತ್ತದೆ. ಆಗೆಲ್ಲ ಅವನು ಕ್ಯಾಬಿನ್‌ನಲ್ಲೇ ಸ್ಟೇರಿಂಗಿಗೆ ಮಂಡಿ ಒತ್ತಿಕೊಂಡು ಕೂತಲ್ಲೇ ತೂಕಡಿಸುತ್ತಿದ್ದ. ಒಂದು ವಾರ ಹೀಗೆ ಮೂರು ರಾತ್ರಿಯಾಯಿತು. ಮೂರನೆಯ ಬೆಳಿಗ್ಗೆ ಕಾಡು ದಾಟಿ, ತೊರಪಳ್ಳಿಯೂ ಕಳೆದು, ಮನೆ ಇನ್ನು ಹತ್ತೇ ನಿಮಿಷ ಎನ್ನುವಾಗ ಕಣ್ಣು ಮುಚ್ಚಿ ಗಾಡಿ ಚರಂಡಿಗೆ ಇಳಿಯಿತು. ದೇವರ ದಯೆ, ಎದುರಿನಿಂದ ಯಾರೂ ಬರಲಿಲ್ಲ. ಶಾಲೆಗೆ ಮಕ್ಕಳು ನಡೆದು ಹೋಗುವ ರಸ್ತೆ ಅದು.

ದೊಡ್ಡ ಲಾರಿಗಳ ವಿಷಯದಲ್ಲಿ ಸರ್ಕಾರ ಸ್ವಲ್ಪ ಗಮನ ಹರಿಸಿದೆ. 2025ರ ಅಕ್ಟೋಬರ್‌ನಿಂದ ತಯಾರಾಗುವ ಲಾರಿಗಳ ಕ್ಯಾಬಿನ್‌ಗೆ ಎ.ಸಿ. ಕಡ್ಡಾಯವಾಗಿದೆ. ಮೂರೂವರೆ ಟನ್ ಒಳಗಿನ ಪಿಕಪ್‌ಗಳಿಗೆ ಆ ನಿಯಮವಿಲ್ಲ, ಕಾಲು ಚಾಚುವಷ್ಟು ಜಾಗವಂತೂ ಮೊದಲೇ ಇಲ್ಲ. ಹಿಂದೆ ಎಂಟು ಅಡಿ ಉದ್ದದ ಖಾಲಿ ಬಾಡಿ ಇರುತ್ತದೆ, ಮುಂದೆ ಮನುಷ್ಯ ಮಡಚಿಕೊಂಡು ಕೂತಿರುತ್ತಾನೆ!

ಹಿಂದೆ ಚಾಪೆ ಹಾಸಿ ಮಲಗಬಾರದೇ ಎಂದು ಕೇಳಬಹುದು. ಮಲಗಿ ನೋಡಿದ್ದ. ಕಬ್ಬಿಣದ ತಗಡು ರಾತ್ರಿಯ ಚಳಿಗೆ ಮಂಜಿನಂತಾಗಿ ಬೆನ್ನಿನ ಬಿಸಿಯನ್ನೆಲ್ಲ ಹೀರುತ್ತದೆ. ಮೇಲೆ ಎರಡು ಕಂಬಳಿ ಹೊದ್ದರೂ ನಡುಕ ಕೆಳಗಿನಿಂದಲೇ ಬರುತ್ತದೆ. ತರಕಾರಿ ತೊಳೆದ ನೀರು ಬೇರೆ ಮೂಲೆಯಲ್ಲಿ ನಿಂತಿರುತ್ತದೆ. ಮೈ ತಗಡಿಗೆ ತಾಗದಂತೆ ಒಂದು ಅಡಿ ಎತ್ತರ ಬೇಕು. ಆದರೆ ಕಾಲು ಹೊಡೆದ ಮಂಚ ಇಟ್ಟರೆ ಮರುದಿನ ಮೂಟೆ ಎಲ್ಲಿ ಹಾಕುವುದು?

ಉಪಾಯ ಗಾಡಿಯಲ್ಲೇ ಇತ್ತು. ಬೀನ್ಸ್ ತುಂಬಿಕೊಂಡು ಹೋದ ಪ್ಲಾಸ್ಟಿಕ್ ಕ್ರೇಟುಗಳು ಹೇಗೂ ಖಾಲಿಯಾಗಿ ವಾಪಸು ಬರುತ್ತವೆ. ಒಂದರ ಮೇಲೊಂದು ಪೇರಿಸಿ ಭಾರ ಹೊರಲೆಂದೇ ಮಾಡಿದವು ಅವು. ನಮ್ಮಲ್ಲಿರುವ ಕ್ರೇಟು 54 ಸೆಂ.ಮೀ. ಉದ್ದ, 36 ಸೆಂ.ಮೀ. ಅಗಲ, ಹೆಚ್ಚುಕಡಿಮೆ ಒಂದು ಅಡಿ ಎತ್ತರ. ಅಡ್ಡಕ್ಕೆ ಮೂರು, ಉದ್ದಕ್ಕೆ ಮೂರು, ಒಟ್ಟು ಒಂಬತ್ತು ಇಟ್ಟರೆ ಕಾಲುಗಳು ಸಿದ್ಧ. ಮೇಲೆ ಹಾಸಲು 12 ಮಿ.ಮೀ. ದಪ್ಪದ, ನೀರು ತಡೆಯುವ ಜಾತಿಯ ಒಂದು ಪ್ಲೈವುಡ್ ಹಾಳೆ ತಂದೆವು. ಹಾಳೆ 8 ಅಡಿಗೆ 4 ಅಡಿ. ಅದನ್ನು 2 ಅಡಿ ಅಗಲದ ನಾಲ್ಕು ತುಂಡು ಮಾಡಿಸಿದೆವು. ಮೂರು ತುಂಡು ಪಕ್ಕಪಕ್ಕ ಹಾಸಿದರೆ 6 ಅಡಿ ಉದ್ದ, 4 ಅಡಿ ಅಗಲದ ಹಾಸಿಗೆ. ಒಂದೊಂದು ತುಂಡು ಆರು ಕಿಲೋದಷ್ಟು ತೂಗುತ್ತದೆ, ಒಬ್ಬರೇ ಎತ್ತಬಹುದು. ನಾಲ್ಕನೆಯದು ನಮ್ಮ ಅಡಿಗೆಮನೆ ಸೇರಿದೆ, ಅದನ್ನು ಮರಳಿ ಕೊಡುವ ಮಾತಿಲ್ಲ. ಹೋಗುವಾಗ ಹಲಗೆಗಳು ಬಾಡಿಯ ತಳದಲ್ಲಿ ಚಪ್ಪಟೆಯಾಗಿ ಮಲಗಿರುತ್ತವೆ, ಮೂಟೆಗಳು ಅವುಗಳ ಮೇಲೆ ಕೂರುತ್ತವೆ.

ಮೊದಲ ರಾತ್ರಿ ನಮ್ಮ ಬುದ್ಧಿವಂತಿಕೆ ಕೈಕೊಟ್ಟಿತು. ನಡುರಾತ್ರಿ ಮಗ ಮಗ್ಗುಲು ಬದಲಿಸಿದಾಗ ಹಲಗೆ ಜಾರಿ ಒಂದು ತುದಿ ಮೇಲೆದ್ದು ಅವನು ಕ್ರೇಟುಗಳ ನಡುವೆ ಬಿದ್ದ. ಆಮೇಲೆ ಬಡಗಿಯವರು ಒಂದೇ ಮಾತಿನಲ್ಲಿ ಪರಿಹಾರ ಹೇಳಿದರು: ಹಲಗೆಯ ಅಡಿಗೆ ರೀಪರ್ ಹೊಡೆಯಿರಿ. ಒಂದೂವರೆ ಅಡಿ ಉದ್ದದ ಎರಡು ರೀಪರ್‌ಗಳನ್ನು ಪ್ರತಿ ಹಲಗೆಯ ಕೆಳಗೆ, ಎರಡೂ ಕೊನೆಯ ಕ್ರೇಟುಗಳ ಬಾಯೊಳಗೆ ಇಳಿಯುವಂತೆ, ಸ್ಕ್ರೂ ಹಾಕಿ ಕೂರಿಸಿದೆವು. ಈಗ ಡಬ್ಬಿಗೆ ಮುಚ್ಚಳ ಕೂತ ಹಾಗೆ ಕೂರುತ್ತದೆ. ರೀಪರ್‌ಗೆ ನಮ್ಮ ಟೀ ತೋಟಗಳ ನೆರಳಿನ ಮರ ಸಿಲ್ವರ್ ಓಕ್ ಸಾಕು, ಹಗುರ. ಪ್ಲೈವುಡ್ಡಿನ ಕತ್ತರಿಸಿದ ಅಂಚುಗಳಿಗೆ ಎರಡು ಕೈ ಪೇಂಟ್ ಬಳಿಯುವುದನ್ನು ಮರೆಯಬೇಡಿ, ನೀರು ಒಳಹೋಗುವುದು ಅಲ್ಲಿಂದಲೇ. ಹಲಗೆಯ ಮೇಲೆ ಮೊದಲು ರಟ್ಟು, ಅದರ ಮೇಲೆ ಗೋಣಿಚೀಲ, ಆಮೇಲೆ ಹಾಸಿಗೆ.

ತಮಿಳಿನಲ್ಲಿ 'ಕುಟ್ಟಿ ಯಾನೈ' ಎಂದು ಕರೆಯುವ ಟಾಟಾ ಏಸ್ ಇರುವವರು ಇದನ್ನು ಹೀಗೆಯೇ ಮಾಡಬಾರದು. ಅದರ ಪಕ್ಕದ ಗೋಡೆ ಸುಮಾರು ಒಂದು ಅಡಿ ಮಾತ್ರ. ಕ್ರೇಟಿನ ಮೇಲೆ ಮಲಗಿದರೆ ಗೋಡೆಗೆ ಸಮನಾಗಿ, ನಿದ್ದೆಯಲ್ಲಿ ಉರುಳಿದವನು ನೇರ ರಸ್ತೆಗೆ ಬೀಳುತ್ತಾನೆ. ಅವರು ಮೂರಿಂಚು ದಪ್ಪದ ಮರದ ಪಟ್ಟಿಗಳ ಮೇಲೆ ಹಲಗೆ ಹಾಸಿಕೊಂಡರೆ ಸಾಕು.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಸಂಗತಿ. ಟಾರ್ಪಾಲು ಮುಚ್ಚಿ ಒಳಗೆ ಇದ್ದಿಲ ಕೆಂಡ ಇಟ್ಟುಕೊಂಡು ಯಾರೂ ಮಲಗಬೇಡಿ. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ಬಣ್ಣವಿಲ್ಲ. ಮಲಗಿದವನಿಗೆ ಎಚ್ಚರವೂ ಆಗುವುದಿಲ್ಲ. ಊಟಿಯಲ್ಲಿ ಡಿಸೆಂಬರ್, ಜನವರಿಯ ರಾತ್ರಿ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟುವಾಗ ಈ ಆಸೆ ಎಲ್ಲರಿಗೂ ಬರುತ್ತದೆ. ಇಂಜಿನ್ ಚಾಲೂ ಇಟ್ಟು ಮಲಗುವುದೂ ಅಷ್ಟೇ ಅಪಾಯ. ಟಾರ್ಪಾಲಿನ ಎರಡೂ ಕೊನೆಗಳಲ್ಲಿ ಒಂದೊಂದು ಗೇಣು ತೆರೆದಿರಲಿ. ಅದರಿಂದ ಉಸಿರಿನ ಹಬೆ ನೀರಾಗಿ ಹಾಸಿಗೆಯ ಮೇಲೆ ತೊಟ್ಟಿಕ್ಕುವುದೂ ಕಡಿಮೆಯಾಗುತ್ತದೆ.

ಗಾಡಿ ನಿಲ್ಲಿಸುವುದು ಗುಂಡ್ಲುಪೇಟೆಯಂಥ ಊರೊಳಗೆ, ದೀಪವಿರುವಲ್ಲಿ, ಜಾಗದವರನ್ನು ಕೇಳಿ. ಕಾಡಿನ ರಸ್ತೆಯಲ್ಲಿ ನಿಲ್ಲಿಸಲು ಅನುಮತಿಯೇ ಇಲ್ಲ. ಚಕ್ರಕ್ಕೆ ಕಲ್ಲು ಕೊಡಿ. ಮಸಿನಗುಡಿ ಕಡೆ ಉಳಿಯುವವರು ಗಾಡಿಯಲ್ಲಿ ಒಂದು ಕೋಸಿನ ಎಲೆಯೂ ಇಲ್ಲದಂತೆ ಗುಡಿಸಿ ಮಲಗಬೇಕು. ಚಾಮರಾಜನಗರ–ಸತ್ಯಮಂಗಲ ರಸ್ತೆಯ ಆಸನೂರಿನಲ್ಲಿ ಆನೆಗಳು ಕಬ್ಬಿನ ಲಾರಿಗಳನ್ನೇ ತಡೆದು ನಿಲ್ಲಿಸುತ್ತವೆ.

ಹಲಗೆ ನೋಡಿದ ನೆಂಟರು ಕೆಲವರು, ಹಬ್ಬಕ್ಕೆ ಎಲ್ಲರೂ ಇದರಲ್ಲೇ ಮಲಗಿಕೊಂಡು ಹೋಗಬಹುದಲ್ಲ ಎಂದರು. ನಾವು ಒಪ್ಪಲಿಲ್ಲ. ಸರಕು ಗಾಡಿಯ ಹಿಂದೆ ಜನರನ್ನು ಹಾಕಿಕೊಂಡು ಓಡಿಸುವುದು ಕಾನೂನಿಗೆ ವಿರುದ್ಧ. ಮದುವೆಗೂ ಹಬ್ಬಕ್ಕೂ ನಮ್ಮ ಧರ್ಮಕೇಂದ್ರದ ಕುಟುಂಬಗಳೇ ಹಾಗೆ ಹೋಗುವುದನ್ನು ನೋಡಿದ್ದೇವೆ, ನಾವೂ ಹೋದವರೇ. ಈ ಹಲಗೆ ನಿಂತ ಗಾಡಿಗೆ ಮಾತ್ರ.

ಕ್ರಿಸ್ತಜಯಂತಿಗೆ ಒಂದು ವಾರ ಮೊದಲು ಮಗನಿಗೆ ಮತ್ತೆ ಗೇಟು ತಪ್ಪಿತ್ತು. ರಾತ್ರಿ ಹತ್ತಕ್ಕೆ ಮಲಗಿ ಐದೂವರೆಗೆ ಎದ್ದನಂತೆ. ಪಕ್ಕದಲ್ಲಿ ನಿಂತಿದ್ದ ಇನ್ನೊಂದು ಪಿಕಪ್‌ನಲ್ಲೂ ಕ್ರೇಟಿನ ಮೇಲೆ ಹಲಗೆ ಹಾಸಿದ್ದರು, ಆದರೆ ರೀಪರ್ ಹೊಡೆದಿರಲಿಲ್ಲ. ಹೇಗೆ ಹೊಡೆಯುವುದೆಂದು ತೋರಿಸಿ, ಅಳತೆಯನ್ನು ರಟ್ಟಿನ ಮೇಲೆ ಬರೆದುಕೊಟ್ಟು ಬಂದಿದ್ದಾನೆ.