ಟಾರ್ಚಿನ ಬೋರ್ಡಿನಿಂದ ಲೇಸರ್ ಬೆಳಗೀತೆ?

ಪ್ರಶ್ನೆ: ಅಗ್ಗದ ಎಲ್‌ಇಡಿ ಡ್ರೈವರ್ ಬೋರ್ಡನ್ನು ಮಾರ್ಪಡಿಸಿ ಕೈಲೇಸರ್ ನಡೆಸಬಹುದೆ?

ಉತ್ತರ: ನಡೆಸಬಹುದು. ಆದರೆ ಬೋರ್ಡನ್ನು ಇದ್ದ ಹಾಗೇ ಜೋಡಿಸಿದರೆ ಲೇಸರ್ ಡಯೋಡ್ ಉಳಿಯುವುದು ಅನುಮಾನ. ಟಾರ್ಚ್ ಬೋರ್ಡುಗಳಲ್ಲಿ ಹೆಚ್ಚಾಗಿ ಸಿಗುವ ಎಎಂಸಿ7135 ಚಿಪ್ ಒಂದೊಂದೂ ಸುಮಾರು 350 ಮಿಲಿಆಂಪಿಯರ್ ಹರಿಸುತ್ತದೆ, ನಾಲ್ಕಿದ್ದರೆ 1400. ಪಾಯಿಂಟರಿನ ಪುಟ್ಟ ಕೆಂಪು ಡಯೋಡಿಗೆ ಕೆಲವು ಹತ್ತುಗಳಷ್ಟು ಮಿಲಿಆಂಪಿಯರ್ ಸಾಕು. ಮೂರು ಚಿಪ್ ಕಿತ್ತರೂ ಉಳಿದ ಒಂದೇ ಅದಕ್ಕೆ ವಿಪರೀತ.

ಕ್ಷಣಿಕ ಏರಿಕೆಯನ್ನು ಎಲ್‌ಇಡಿ ಸಹಿಸುತ್ತದೆ. ಲೇಸರಿನಲ್ಲಿ ಬೆಳಕೆಲ್ಲ ಕೆಲವೇ ಮೈಕ್ರೋಮೀಟರ್ ಅಗಲದ ಹರಳಿನ ಅಂಚಿನಿಂದ ಹೊರಬರುವುದರಿಂದ ಆ ಅಂಚು ಕಣ್ಣುಮಿಟುಕಿಸುವ ಮೊದಲೇ ಸುಟ್ಟುಹೋಗುತ್ತದೆ. ಆಮೇಲೂ ಡಯೋಡ್ ಮಂಕಾಗಿ ಹೊಳೆಯಬಹುದು, ಲೇಸರ್ ಮಾತ್ರ ಆಗಿರುವುದಿಲ್ಲ.

ಹಾಗಾಗಿ ಸಣ್ಣ ಡಯೋಡಿಗೆ ಆ ಬೋರ್ಡಿನ ಬದಲು ನನ್ನ ಆಯ್ಕೆ ಎಲ್‌ಎಂ317 ರೆಗ್ಯುಲೇಟರ್: 1.25 ವೋಲ್ಟನ್ನು ಅದಕ್ಕೆ ಜೋಡಿಸಿದ ರೆಸಿಸ್ಟರಿನ ಓಮ್‌ಗಳಿಂದ ಭಾಗಿಸಿದರೆ ಆಂಪಿಯರ್ ಸಿಗುತ್ತದೆ. ಲೇಸರ್ ಜೋಡಿಸುವ ಮುನ್ನ ಅದರ ಜಾಗದಲ್ಲಿ ಮೂರು ಸಾಮಾನ್ಯ ಸಿಲಿಕಾನ್ ಡಯೋಡ್, ಜೊತೆಗೆ 1 ಓಮ್ ರೆಸಿಸ್ಟರ್ ಸಾಲಾಗಿ ಹಾಕಿ. ಈ 1 ಓಮ್ ರೆಸಿಸ್ಟರಿನ ಮೇಲೆ ಮಲ್ಟಿಮೀಟರ್ ಎಷ್ಟು ಮಿಲಿವೋಲ್ಟ್ ತೋರಿಸುತ್ತದೋ ಅಷ್ಟೇ ಮಿಲಿಆಂಪಿಯರ್ ಹರಿಯುತ್ತಿದೆ ಎಂದರ್ಥ.

5 ಮಿಲಿವ್ಯಾಟ್ ಮೀರಿದ ಡಯೋಡುಗಳ ಗೊಡವೆ ಬೇಡ. ಅವುಗಳ ಕಿರಣ ಬಡಿದ ಅಕ್ಷಿಪಟಲ ಮತ್ತೆ ಸರಿಹೋಗದಿರಬಹುದು.